ಓಬಳೇಶನ ನಾಲ್ಕು ಮೈಲಿ ಸುತ್ತು

ಕೇಳ್ರಪ್ಪಾ ಕೇಳಿ, ಈಗಲೇ ನಗಬೇಡಿ. ಇಂಗ್ಲೆಂಡಿನ ಒಂದು ಹಳ್ಳಿ. ಆ ಹಳ್ಳಿಯ ಕಾಡಂಚಿನ ಮನೆಯಲ್ಲಿ ನಮ್ಮ ಚಿತ್ರದುರ್ಗದ ಕಡೆಯ ಮಾರಕ್ಕ ಇದ್ದಳು. ಹೋಟೆಲಿನ ಅಡುಗೆಗೆಂದು ಅಲ್ಲಿಗೆ ಕರೆದುಕೊಂಡು ಹೋದ ಗಂಡ ತೀರಿಕೊಂಡಿದ್ದ. ಉಳಿದವನು ಮಗ ಓಬಳೇಶ. ಆಳು ಆರಡಿ, ಬುದ್ಧಿ ಅಷ್ಟಕ್ಕಷ್ಟೆ. ಹೇಳಿದ ಮಾತನ್ನು ಒಂದಕ್ಷರ ಮೀರುವವನಲ್ಲ, ಅದೇ ಅವನ ರೋಗ!

ಮಾರಕ್ಕ ಪಬ್ಬಿನ ಹಿತ್ತಲಲ್ಲಿ ನಿಂತು ತಟ್ಟೆ ತೊಳೆದೂ ತೊಳೆದೂ ಕಾಲು ಊದಿಸಿಕೊಂಡಿದ್ದಳು. ಅವಳ ಮನೆ ಮುಂದಿನಿಂದ ಒಂದು ಕಾಲುದಾರಿ ಹೊರಟು, ಕಾಡೊಳಗೆ ನಾಲ್ಕು ಮೈಲಿ ಸುತ್ತಿ, ಮತ್ತೆ ಅವಳ ಮನೆ ಮುಂದಕ್ಕೇ ಬರುತ್ತದೆ. ಸುಲಭವೂ ಅಲ್ಲ, ಕಷ್ಟವೂ ಅಲ್ಲ ಅಂತ ಬೋರ್ಡು ಬೇರೆ. ಭಾನುವಾರ ಆ ದಾರಿಯಲ್ಲಿ ಕಾಲ್ನಡಿಗೆ ಹೋಗುವ ಸಂಘದವರು ಅರ್ಧ ದಾರಿಯ ಓಕ್ ಮರದಡಿ ಊಟಕ್ಕೆ ಕೂರುತ್ತಾರೆ. ಸಂಘದ ಯಜಮಾನಿ ಹಿಲ್ಡಜ್ಜಿ ಮಾರಕ್ಕನ ಪಡ್ಡು ತಿಂದು ನೋಡಿ, "ನಾಲ್ಕು ಭಾನುವಾರ ಇದನ್ನ ಮರದಡಿಗೆ ಕಳಿಸು. ಸರಿಹೋದರೆ ವರ್ಷವಿಡೀ ನಿನ್ನದೇ ಊಟ" ಅಂದಳು. ಸರಿಹೋದರೆ ಪಬ್ಬಿನ ತಟ್ಟೆಗೆ ದೊಡ್ಡ ನಮಸ್ಕಾರ! ಆದರೆ ಊದಿದ ಕಾಲಲ್ಲಿ ಮಾರಕ್ಕ ಏರು ಹತ್ತಲಾರಳು. ಬುಟ್ಟಿ ಹೊರಬೇಕಾದವನು ಓಬಳೇಶ.

"ದಾರಿಗುಂಟ ಕಂಬಕ್ಕೆ ಬಡಿದಿರೋ ಹಳದಿ ಬಾಣ ನೋಡ್ಕೊಂಡು ನಡಿ. ಏನೇ ಆಗ್ಲಿ, ದಾರಿ ಬಿಡಬೇಡ! ಹೋಗಿ ಬಾ."

"ಬಿಡಲ್ಲವ್ವಾ!"

ಎರಡು ಬೇಲಿ ನಡುವಿನ ಇಕ್ಕಟ್ಟಿನಲ್ಲಿ ಕುದುರೆ ಮೇಲೊಬ್ಬ ಹೆಂಗಸು ಎದುರಾದಳು.

"ಸ್ವಲ್ಪ ದಾರಿ ಬಿಡಪ್ಪಾ."

"ಬಿಡಲ್ಲ!"

"ಯಾಕೋ?"

"ಅವ್ವ ಬೈತಾಳೆ!"

ಬೇಡಿದಳು, ಬೈದಳು, ಕೂಗಾಡಿದಳು. ಇವನು ನೆಟ್ಟ ಕಂಬ. ಕುದುರೆಗೆ ಬೇಜಾರಾಗಿ ಬುಟ್ಟಿಗೇ ಬಾಯಿ ಹಾಕಿತು. ಮರದಡಿ ಕೂತವರು ಬರಿಹೊಟ್ಟೆಯಲ್ಲಿ ಎದ್ದರು.

"ಮುಂಡೇದೆ!" ಮಾರಕ್ಕ ಸೌಟು ಎತ್ತಿದಳು. "ಯಾರಾದ್ರೂ ಎದುರು ಬಂದ್ರೆ ದಾರಿ ಬಿಡಬೇಕು ಕಣೋ! ತಿಳೀತಾ?"

"ತಿಳೀತವ್ವಾ!"

ತಿಳಿಯಿತಂತೆ, ಮಣ್ಣು!

ಎರಡನೇ ಭಾನುವಾರ "ಹೋಗಿ ಬಾ" ಅಂದಳು, ಹೋದ. ನಾಯಿ ಹಿಡಿದ ಒಬ್ಬ ಮುದುಕ ಎದುರು ಬಂದ. ಓಬಳೇಶ ದಾರಿ ಬಿಟ್ಟ. ಬಿಟ್ಟವನು ಬಿಟ್ಟೇಬಿಟ್ಟ! ತುರಿಕೆ ಗಿಡದೊಳಗೆ ನುಗ್ಗಿದ, ಜೌಗಿನಲ್ಲಿ ಇಳಿದ, ಕುರಿ ಹೊಲ ದಾಟಿದ, ಪಕ್ಕದೂರಿನ ಚರ್ಚಿನ ಬಾಗಿಲಲ್ಲಿ ನಿಂತ. ಅಲ್ಲಿಯವರು ಯಾರೋ ಪುಣ್ಯಾತ್ಮ ಕಳಿಸಿದ್ದಾನೆಂದು ಪಡ್ಡು ತಿಂದು ಕೈಮುಗಿದರು. ಸಂಘದವರು ಮತ್ತೆ ಉಪವಾಸ.

"ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದೀಯಾ!" ಮಾರಕ್ಕ ಹಣೆ ಚಚ್ಚಿಕೊಂಡಳು. "ದಾರಿ ತಿಳೀದಿದ್ರೆ ಸಂಘದವರ ಬೆನ್ನು ಹತ್ತಬೇಕು ಕಣೋ!"

"ಹತ್ತುತೀನವ್ವಾ!"

ಮೂರನೇ ಭಾನುವಾರ "ಹೋಗಿ ಬಾ" ಅಂದಳು, ಹೋದ. ಮುಂದೆ ಹಿಲ್ಡಜ್ಜಿ ಕೋಲೂರಿಕೊಂಡು ಏರು ಹತ್ತುತ್ತಿದ್ದಳು. ಓಬಳೇಶ ಓಡಿಬಂದು ಅವಳ ಬೆನ್ನು ಹತ್ತಿದ. ಬುಟ್ಟಿ ಸಮೇತ ಹತ್ತಿದ!

"ಅಯ್ಯೋ! ಯಾರಿದು! ಇಳಿ!"

"ಅಲ್ಲಾಡಬೇಡಿ ಅಜ್ಜಿ, ಪಡ್ಡು ಚೆಲ್ಲುತ್ತೆ!"

ಅಜ್ಜಿ, ಓಬಳೇಶ, ಪಡ್ಡು, ಚಟ್ನಿ ಎಲ್ಲವೂ ನೀಲಿ ಹೂಗಳ ಮೇಲೆ ಉರುಳಿದವು. ಹಿಲ್ಡಜ್ಜಿ ಎದ್ದು ಲಂಗ ಕೊಡವಿಕೊಂಡು ಸೀದಾ ಮಾರಕ್ಕನ ಬಾಗಿಲಿಗೆ ಬಂದಳು.

"ಪಡ್ಡು ಚೆನ್ನಾಗಿದೆ. ಮಗ ಚೆನ್ನಾಗಿಲ್ಲ. ಇನ್ನೊಂದೇ ಭಾನುವಾರ!"

ಮಾರಕ್ಕನಿಗೆ ವಾರವೆಲ್ಲ ಸಿಟ್ಟು. ತಟ್ಟೆ ತೊಳೆಯುವಾಗ ಸಿಟ್ಟು, ಹಿಟ್ಟು ರುಬ್ಬುವಾಗ ಸಿಟ್ಟು. ಭಾನುವಾರ ಅವನ ತಲೆ ಮೇಲೆ ಬುಟ್ಟಿ ಕುಕ್ಕಿದಳು.

"ದಾರಿ ಮೇಲೇ ನಡಿ. ಮರದಡಿ ಬುಟ್ಟಿ ಬಿಚ್ಚು, ಬಡಿಸು. ಅಷ್ಟೇ! ಇನ್ನೊಂದು ಮಾತು ನನ್ನ ಬಾಯಲ್ಲಿ ಆಡಿಸಬೇಡ. ಹೋಗು!"

ಓಬಳೇಶ ಒಂದು ಗಳಿಗೆ ನಿಂತು ಅವ್ವನ ಬಾಯಿ ನೋಡಿದ.

"ಹೋಗು ಅಂದ್ನಲ್ಲಾ!"

ಹೋದ. ನಂಬಿದರೆ ನಂಬಿ, ಅವತ್ತು ಒಂದು ತಪ್ಪೂ ಆಗಲಿಲ್ಲ! ಮಧ್ಯಾಹ್ನ ಹಿಲ್ಡಜ್ಜಿ ನಗುನಗುತ್ತ ಬಂದು, "ವರ್ಷವಿಡೀ ನಿನ್ನದೇ!" ಅಂದಳು. ಮಾರಕ್ಕ ಹೊಸಿಲ ಮೇಲೆ ಕಾಲು ನೀಡಿ ಕೂತಳು. ಆ ಕಾಲಿಗೆ ಅಷ್ಟು ಸುಖ ಸಿಕ್ಕು ಎಷ್ಟು ವರ್ಷವಾಗಿತ್ತೋ.

"ಮಗ ಎಲ್ಲಿ?"

"ನಮ್ಮ ಹಿಂದೆಯೇ ಹೊರಟನಲ್ಲ!"

ಆಗಲೇ ಓಬಳೇಶ ಬಂದ. ಖಾಲಿ ಬುಟ್ಟಿ ತಲೆ ಮೇಲೆ. ಬಂದವನು ಮನೆಯನ್ನು ನೋಡಿದ, ಅವ್ವನನ್ನು ನೋಡಿದ, ಮುಂದಕ್ಕೆ ನಡೆದೇಬಿಟ್ಟ! ದಾರಿ ಮತ್ತೆ ಕಾಡು ಹೊಕ್ಕಿತು, ಇವನೂ ಹೊಕ್ಕ. ಇಳಿಹೊತ್ತಿಗೆ ಇನ್ನೊಂದು ಸುತ್ತು ಬಂದ, ಮತ್ತೆ ಹೊರಟ.

"ನಿಲ್ಲೋ ಹಾಳಾದವನೆ!" ಮಾರಕ್ಕನ ಸಿಟ್ಟು ನೆತ್ತಿಗೇರಿತು. "ಮನೆ ಕಾಣಲ್ವಾ? ಒಳಗೆ ಬರೋಕೆ ಏನು ರೋಗ?"

ಓಬಳೇಶ ಬುಟ್ಟಿ ಇಳಿಸದೆ ದಾರಿ ಮೇಲೇ ನಿಂತ.

"ನೀನು ಹೋಗು ಅಂದೆ ಅವ್ವಾ. ಬಾ ಅನ್ನಲಿಲ್ಲ."

ಹೆಣ ಕಳಿಸುವಾಗ ಬಿಟ್ಟರೆ ಯಾರನ್ನೂ ಬರೀ 'ಹೋಗು' ಅಂತ ಕಳಿಸಿದ ಮನೆತನವಲ್ಲ ಮಾರಕ್ಕನದು. ಈ ಸಲ ಸಿಟ್ಟು ಬಂದದ್ದು ತನ್ನ ನಾಲಿಗೆಯ ಮೇಲೆ, ಅದೂ ಮಗನ ಮೇಲೆ ಬಂದದ್ದಕ್ಕಿಂತ ಹೆಚ್ಚು. ಸೆರಗಲ್ಲಿ ಮೂಗೊರೆಸಿಕೊಂಡು ಗದರಿದಳು.

"ಬಾರೋ! ಬಾರೋ ನನ್ನಪ್ಪಾ!"

ಓಬಳೇಶ ಹಲ್ಲು ಕಿರಿದು ಓಡಿಬಂದ. ಮೊಣಕಾಲವರೆಗೆ ಕೆಸರು. ಹೊಸಿಲಿಗೆ ಕಾಲಿಡಬೇಕು ಅನ್ನುವಷ್ಟರಲ್ಲಿ, ಹಾಳು ಅಭ್ಯಾಸ, ಮಾರಕ್ಕನ ಬಾಯಿ ತಡೆಯಲಿಲ್ಲ.

"ಆ ಕಾಲಲ್ಲಿ ಒಳಗೆ ಬಂದೀಯಾ! ತೊಳ್ಕೊಂಡು ಬಾ!"

ಓಬಳೇಶ ನಿಂತ. ನಲ್ಲಿ ಒಳಗಿತ್ತು. ಒಳಗೆ ಬರುವ ಹಾಗಿಲ್ಲ. ಹೊರಗೆ ನೀರಿದ್ದದ್ದು ಓಕ್ ಮರದ ಕೆಳಗಿನ ತೊರೆಯಲ್ಲಿ, ಎರಡು ಮೈಲಿ ದೂರದಲ್ಲಿ. ತಿರುಗಿದ, ಹೊರಟ.

"ಎಲ್ಲಿಗೋ!"

"ಕಾಲು ತೊಳ್ಕೊಂಡು ಬರ್ತೀನವ್ವಾ!"

ತೊಳೆದ. ಬರುವಷ್ಟರಲ್ಲಿ ಮತ್ತೆ ಮೊಣಕಾಲವರೆಗೆ ಕೆಸರು. ಹೊಸಿಲಲ್ಲಿ ಕಾಲು ನೋಡಿಕೊಂಡು, ಮತ್ತೆ ತಿರುಗಿದ. ಮಾರಕ್ಕ ತಂಬಿಗೆ ನೀರು ಹಿಡಿದು, ಊದಿದ ಕಾಲಲ್ಲೇ, ಬೈಯುತ್ತ ಬೈಯುತ್ತ ಅವನ ಹಿಂದೆ ಹೊರಟಳು. ನೀವು ಆ ಕಾಡಿಗೆ ಹೋದರೆ ಇಬ್ಬರೂ ಎದುರು ಸಿಕ್ಕಾರು. ನೀವೇ ದಾರಿ ಬಿಡಿ. ಅವನಿಗೆ ಮಾತ್ರ ದಾರಿ ಬಿಡು ಅನ್ನಬೇಡಿ.