ಓಗೊಡದ ಎದೆ

ಹೊಳೆದಂಡೆಯ ಹಳೇ ಛತ್ರವೊಂದರಲ್ಲಿ ಧರಣೇಂದ್ರಯ್ಯ ಮೇಷ್ಟ್ರು ಪೇಸ್‌ಮೇಕರಿಗೆ ಚಿಪ್ ರಚಿಸುವ ವಿದ್ಯೆ ಕಲಿಸುತ್ತಿದ್ದರು. ಅವರ ಗುಂಡಿಗೆಯನ್ನು ಮಿಡಿಸುತ್ತಿದ್ದುದೂ ಒಂದು ಪೇಸ್‌ಮೇಕರೇ. ಅದರ ಬ್ಯಾಟರಿ ಮುಗಿಯುತ್ತ ಬಂದಿತ್ತು.

ಹೊಸದಕ್ಕೆ ಚಿಪ್ ರಚಿಸುವ ಕೆಲಸ ಶಿಷ್ಯೆ ಸುರಭಿಯ ಪಾಲಿಗೆ ಬಂತು. ಪೇಸ್‌ಮೇಕರಿಗೆಂದು ಮೇಷ್ಟ್ರ ಎದೆಯನ್ನು ಆಗಲೇ ಮೂರು ಸಲ ಕೊಯ್ದಿದ್ದರು. ನಾಲ್ಕನೆಯದೇ ಕೊನೆಯದಾಗಲಿ ಎಂದು ಅವಳು ಹಟ ಹಿಡಿದಳು.

ಒಂದು ಮಧ್ಯಾಹ್ನ ಬೀಗುತ್ತ ಬಂದಳು. ಒಂಬತ್ತು ವರ್ಷ ಬರುತ್ತಿದ್ದ ಬ್ಯಾಟರಿ ಇನ್ನು ಇಪ್ಪತ್ತು ವರ್ಷ ಬರುತ್ತದೆ ಎಂದಳು.

ಏನು ತೆಗೆದೆ ಎಂದು ಮೇಷ್ಟ್ರು ಕೇಳಿದರು. ಬ್ಯಾಟರಿ ಹಾಗೆಲ್ಲ ಸುಮ್ಮಸುಮ್ಮನೆ ಉಳಿಯುವಂಥದ್ದಲ್ಲ ಎಂದು ಅವರಿಗೆ ಗೊತ್ತಿತ್ತು.

ಪ್ರತಿ ಸಲ ಗುಂಡಿಗೆಯನ್ನು ತಟ್ಟಿದ ಮೇಲೆ ಚಿಪ್ ಎಚ್ಚರವಿದ್ದು, ಗುಂಡಿಗೆ ಮಿಡಿದು ಓಗೊಟ್ಟಿತೇ ಎಂದು ಆಲಿಸುತ್ತದೆ. ಓಗೊಡದಿದ್ದರೆ ಇನ್ನಷ್ಟು ಬಲವಾಗಿ ತಟ್ಟುತ್ತದೆ. ಸುರಭಿ ಆ ಆಲಿಸುವುದನ್ನೇ ತೆಗೆದುಹಾಕಿ, ತಟ್ಟಿದ ಕೂಡಲೇ ಚಿಪ್ಪನ್ನು ಮಲಗಿಸಿಬಿಟ್ಟಿದ್ದಳು.

"ಲಕ್ಷ ಸಲ ಪರೀಕ್ಷೆ ಮಾಡಿದೆ ಮೇಷ್ಟ್ರೇ. ಅಷ್ಟು ಸಲವೂ ಓಗೊಟ್ಟಿತು. ಮತ್ತೆ ಮತ್ತೆ ಯಾಕೆ ಕೇಳ್ಬೇಕು?"

ಮೇಷ್ಟ್ರು ಎದ್ದು ಗೂಡಿನಿಂದ ಒಂದು ಬಟ್ಟೆಯ ಗಂಟು ತಂದರು. ಬಿಚ್ಚಿದರೆ ಒಳಗೊಂದು ಹಳೆಯ ಪೇಸ್‌ಮೇಕರ್. ಚಿತೆಗೇರಿಸುವ ಮುಂಚೆ ಇದನ್ನು ಎದೆಯಿಂದ ತೆಗೆಯಲೇಬೇಕು, ಇಲ್ಲದಿದ್ದರೆ ಬೆಂಕಿಯಲ್ಲಿ ಸಿಡಿಯುತ್ತದೆ. ಹಾಗೆ ತೆಗೆದದ್ದು ಇದು, ಅವರ ತಮ್ಮನದು. ತಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು.

ಅದರ ತಂತಿಗೆ ಪುಟ್ಟ ದೀಪ ಸಿಕ್ಕಿಸಿದರು. ದೀಪ ಸಣ್ಣಗೆ ಮಿನುಗಿತು. ಒಂದು ಗಳಿಗೆ ತಡೆದು ಜೋರಾಗಿ ಬೆಳಗಿತು. ಮತ್ತೆ ಸಣ್ಣಗೆ, ಮತ್ತೆ ಜೋರಾಗಿ.

ಸುರಭಿ ದೀಪದ ಹತ್ತಿರಕ್ಕೆ ಬಾಗಿದಳು. "ಏನು ಮಾಡ್ತಿದೆ ಅದು?"

"ಕರೀತಿದೆ. ಓಗೊಡ್ಲಿಲ್ಲ ಅಂತ ಇನ್ನೂ ಗಟ್ಟಿಯಾಗಿ ಕರೀತಿದೆ."

ಮೂರು ವರ್ಷದಿಂದ ಅದು ಒಂದು ಸಲವೂ ಬಿಟ್ಟಿಲ್ಲವಂತೆ. ಕೆಲವು ದಿನ ತಾನೇ ಓಗೊಟ್ಟುಬಿಡಲೇ ಅನ್ನಿಸುತ್ತದೆ ಎಂದೂ ಮೇಷ್ಟ್ರು ಹೇಳಿದರು.

ಆಮೇಲೆ ಅವಳ ಚಿಪ್ಪಿಗೂ ಒಂದು ದೀಪ ಸಿಕ್ಕಿಸಿದರು. ಅದು ಒಂದೇ ಸಮನೆ, ಹದವಾಗಿ ಮಿನುಗತೊಡಗಿತು. ತಂತಿಯ ತುದಿಯಲ್ಲಿ ಗುಂಡಿಗೆಯೇ ಇರಲಿಲ್ಲ. ಚಿಪ್ಪಿಗೆ ಅದರ ಚಿಂತೆಯೇನೂ ಇದ್ದಂತೆ ಕಾಣಲಿಲ್ಲ.

ಸುರಭಿಗೆ ಅಳು ಬಂತು. "ನಿಮ್ಮನ್ನ ಮತ್ತೆ ಕೊಯ್ಯೋದು ಬೇಡ ಅಂತ ಮಾಡಿದೆ. ಇಪ್ಪತ್ತು ವರ್ಷ ಮಿಡಿಯುತ್ತೆ ಮೇಷ್ಟ್ರೇ."

"ಮಿಡಿಯುತ್ತಮ್ಮ. ನಾನು ಯಾವತ್ತು ಹೋದೆ ಅಂತ ಮಾತ್ರ ಅದನ್ನ ಕೇಳಬೇಡ."