ಮಾತ್ರೆ ಮತ್ತು ಬಿಗಿ ಮುಚ್ಚಳ

ಕೀಲುವಾತಕ್ಕೆ ಹೊಸ ಮಾತ್ರೆ ಕಂಡುಹಿಡಿದ ಸಂಶೋಧಕರು, ಅದನ್ನು ಬಾಟಲಿಗಳಲ್ಲಿ ತುಂಬಿ ಪರೀಕ್ಷೆಗೆಂದು ರೋಗಿಗಳಿಗೆ ಕೊಟ್ಟರು. ಒಂದು ಬಾಟಲಿ ದಾಕ್ಷಾಯಣಮ್ಮನವರ ಮನೆ ಸೇರಿತು.

"ಎಷ್ಟೋ ವಿದ್ವಾಂಸರ ತಪಸ್ಸಿನ ಫಲ ನಾನು," ಎಂದಿತು ಮಾತ್ರೆ. "ಊದಿದ ಬೆರಳು ಮತ್ತೆ ಮಡಚುವಂತೆ ಮಾಡಬಲ್ಲೆ."

"ಮೊದಲು ನನ್ನನ್ನು ಒತ್ತಿ ತಿರುಗಿಸಬೇಕು," ಎಂದಿತು ಮುಚ್ಚಳ. "ಮಕ್ಕಳು ತೆಗೆಯದಿರಲೆಂದು ನನ್ನನ್ನು ಬಿಗಿ ಮಾಡಿದ್ದಾರೆ."

ದಾಕ್ಷಾಯಣಮ್ಮ ದಿನವೂ ಬೆಳಿಗ್ಗೆ ಒದ್ದಾಡಿದರು. ಊದಿದ ಬೆರಳಿಗೆ ಒತ್ತಲು ಬಲವಿರಲಿಲ್ಲ.

ತಿಂಗಳ ಮೇಲೆ ಬಾಟಲಿ ಸಮೇತ ಆಸ್ಪತ್ರೆಗೆ ಹೋದಾಗ ಡಾಕ್ಟರು ಆಕೆಯ ಕೈ ನೋಡಿ, "ಈ ಮಾತ್ರೆ ಕೆಲಸ ಮಾಡಲಿಲ್ಲ," ಎಂದರು.

ಮಾತ್ರೆಗೆ ಉರಿಯಿತು. "ನನ್ನನ್ನು ಹೊರಗೆ ಬಿಟ್ಟರಲ್ಲವೇ ಕೆಲಸ ಮಾಡುವುದು?"

"ಮುಚ್ಚಳ ತೆಗೆಯೋಕೇ ಆಗಲಿಲ್ಲ ಡಾಕ್ಟ್ರೇ," ಎಂದರು ದಾಕ್ಷಾಯಣಮ್ಮ.

ಡಾಕ್ಟರು ಮುಚ್ಚಳ ತೆಗೆದು ಮಾತ್ರೆಗಳನ್ನೆಲ್ಲ ಸಡಿಲ ಮುಚ್ಚಳದ ಡಬ್ಬಿಗೆ ಸುರಿದುಕೊಟ್ಟರು. ಒಳ್ಳೆಯ ಬಾಟಲಿಯನ್ನು ಎಸೆಯಲು ಮನಸ್ಸಾಗದೆ ದಾಕ್ಷಾಯಣಮ್ಮ ಅದನ್ನೂ ಮುಚ್ಚಳ ಹಾಕಿಸಿಕೊಂಡು ಮನೆಗೆ ತಂದರು.

"ಇನ್ನು ನನ್ನನ್ನು ಯಾರು ಮುಟ್ಟುತ್ತಾರೆ?" ಎಂದಿತು ಬಿಗಿ ಮುಚ್ಚಳ.

"ಸ್ವಲ್ಪ ತಾಳು," ಎಂದಿತು ಮಾತ್ರೆ.

ಮಳೆಗಾಲ ಕಳೆದು ಒಂದು ಬೆಳಿಗ್ಗೆ, ಮೆಂತ್ಯ ತುಂಬಿಡಲೆಂದು ದಾಕ್ಷಾಯಣಮ್ಮ ಆ ಬಾಟಲಿಯನ್ನು ಕೈಗೆತ್ತಿಕೊಂಡರು. ಯಾರನ್ನೂ ಕರೆಯಲಿಲ್ಲ. ತಾವೇ ಒತ್ತಿ ತಿರುಗಿಸಿದರು.