ಓಬಜ್ಜನ ಗೇರು ಸೈಕಲ್ಲು

ಕೆರೆ ಏರಿಯ ಕೆಳಗೆ, ಹುಣಸೆ ಮರಕ್ಕೆ ಆನಿಸಿ ಕಟ್ಟಿದ ತಗಡಿನ ಶೆಡ್ಡಿನಲ್ಲಿ ದಾದಾಪೀರ್ ಉಸ್ತಾದರು ಹಳೇ ಗೇರು ಸೈಕಲ್ಲುಗಳ ವ್ಯಾಪಾರ ಮಾಡುತ್ತಿದ್ದರು. ಬೆಟ್ಟ ಹತ್ತಲೆಂದೇ ಮಾಡಿದ ದಪ್ಪ ಟೈರಿನ ಮೌಂಟೇನ್ ಬೈಕುಗಳು. ಅದರಲ್ಲೂ ಮೂವತ್ತು ನಲವತ್ತು ವರ್ಷ ಹಿಂದಿನವು. ಹೊಸದನ್ನು ಅವರು ಮುಟ್ಟುತ್ತಿರಲಿಲ್ಲ.

ಅವರ ಹತ್ತಿರ ತಿಪ್ಪೇಶ ನಾಲ್ಕು ವರ್ಷದಿಂದ ಕೆಲಸ ಕಲಿಯುತ್ತಿದ್ದ. ಊರೂರು ಅಲೆದು ಮಾಲು ಹುಡುಕುವುದು ಅವನ ಪಾಲಿಗೆ. ಬಸ್ಸಿನಲ್ಲಿ ಒಬ್ಬನೇ ಹೋಗುತ್ತಿದ್ದ, ಒಬ್ಬನೇ ಬರುತ್ತಿದ್ದ. ಕಂಡದ್ದನ್ನು ಹೇಳಿಕೊಳ್ಳೋಣವೆಂದರೆ ಅದರ ರುಚಿ ತಿಳಿದವರು ಉಸ್ತಾದರೊಬ್ಬರೇ. ಅವರೋ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಸೇರಿದ ದಿನ ಅವರು ಹೇಳಿಕೊಟ್ಟದ್ದು ಒಂದೇ. "ಮಾಲು ಮೆಚ್ಚಿದ್ದು ಮುಖದಾಗೆ ಕಾಣಬಾರದು."

ತಿಪ್ಪೇಶ ಅದನ್ನು ಚೆನ್ನಾಗಿ ಕಲಿತ. ಎಷ್ಟು ಚೆನ್ನಾಗಿ ಎಂದರೆ, ದಿನಾ ಊಟಕ್ಕೆ ಹೋಗುವ ಖಾನಾವಳಿಯವರೂ ಅವನು ನಕ್ಕಿದ್ದನ್ನು ನೋಡಿರಲಿಲ್ಲ.

ಒಂದು ಬೇಸಿಗೆ, ಯಾರೋ ಹೇಳಿದ ಸುಳಿವು ಹಿಡಿದು ಮುಚ್ಚಿಹೋದ ಕಲ್ಲುಗಣಿಯೊಂದರ ಹತ್ತಿರ ಬಸ್ಸಿಳಿದ. ಅಲ್ಲೊಂದು ಒಂಟಿ ಮನೆ. ಮನೆಯಲ್ಲಿ ಓಬಜ್ಜ, ಅವನೂ ಒಂಟಿ. ಒಳಗೋಡೆಯ ಗೂಟದಲ್ಲಿ ಗೇರು ಸೈಕಲ್ಲು ತೂಗುತ್ತಿತ್ತು.

"ಬಂಡೆ ಪರೀಕ್ಷೆ ಮಾಡಾಕೆ ಬಂದಿದ್ದ ಹೊರದೇಶದ ಸಾಹೇಬ ಕೊಟ್ಟು ಹೋಗಿದ್ದು. ಮೂವತ್ತೈದು ವರ್ಷ ಆತು," ಎಂದ ಓಬಜ್ಜ. "ನನ್ನ ಹೆಂಡ್ತಿ ಬೈತಿದ್ಲು. ನನ್ನ ಬೆನ್ನು ಒಂದಿನ ಉಜ್ಜಲಿಲ್ಲ, ಅದನ್ನ ದಿನಾ ಉಜ್ತೀಯ ಅಂತ. ಈಗ ಬೈಯೋರೂ ಇಲ್ಲ. ಸೈಕಲ್ಲು ಕೆಲಸದೋನು ಅಂದ್ಯಲ್ಲ, ನೀನು ತಿಳಿದೋನು, ನೋಡಿ ಹೇಳಪ್ಪ. ಹೆಂಗೈತೆ?"

ತಿಪ್ಪೇಶ ಸೈಕಲ್ಲಿನ ಮೇಲೆ ಕೈಯಾಡಿಸಿದ. ನಾಲ್ಕು ವರ್ಷದಲ್ಲಿ ಇಂಥದ್ದು ಅವನ ಕೈಗೆ ಸಿಕ್ಕಿರಲಿಲ್ಲ. ಮುಖ ಮಾತ್ರ ಅಲ್ಲಾಡಲಿಲ್ಲ.

"ಏನೈತಜ್ಜ ಇದರಾಗೆ? ತೂಕಕ್ಕೆ ಹಾಕೋ ಮಾಲು."

ಅಜ್ಜ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿದ. "ಹಂಗಂತೀಯ?"

"ಹಂಗೇ."

ಅಜ್ಜ ಕೊಟ್ಟ ಟೀ ಕುಡಿದು ತಿಪ್ಪೇಶ ಎದ್ದ. ಬೇಕೆಂದು ಅವತ್ತೇ ಕೇಳಿದರೆ ಬೆಲೆ ಏರುತ್ತದೆ. ಒಂದು ವಾರ ಬಿಟ್ಟು ಬಂದರೆ ಮುದುಕ ಮೆತ್ತಗಾಗಿರುತ್ತಾನೆ. ವ್ಯಾಪಾರದಲ್ಲಿ ಎಲ್ಲರೂ ಮಾಡುವುದು ಇದನ್ನೇ.

ವಾರ ಬಿಟ್ಟು ಹೋದ. ಗೂಟದಲ್ಲಿ ಬೆಳ್ಳುಳ್ಳಿ ಗೊಂಚಲು ತೂಗುತ್ತಿತ್ತು.

"ಹಳೇ ಕಬ್ಬಿಣದವನು ಬಂದಿದ್ದ. ಸೈಕಲ್ಲಿಗೆ ಇದನ್ನ ಕೊಟ್ಟ," ಎಂದ ಓಬಜ್ಜ. ಮಾತಿನಲ್ಲಿ ಸಿಟ್ಟಿರಲಿಲ್ಲ. "ನೀನು ಹೇಳಿದ್ದು ಒಳ್ಳೇದಾತು ಬಿಡು. ತೂಕಕ್ಕೆ ಹಾಕೋದನ್ನ ಇಷ್ಟು ವರ್ಷ ಒರೆಸ್ಕೊಂಡು ಕುಂತಿದ್ದೆ, ಹುಚ್ಚ ನಾನು. ಅವಳು ಬೈದಿದ್ದೇ ಸರಿ. ನಾಕು ಗಡ್ಡೆ ತಗೊಂಡು ಹೋಗಪ್ಪ, ಒಬ್ಬನಿಗೆ ಎಷ್ಟು ಬೇಕು?"

ತಿಪ್ಪೇಶ ಆ ಕಬ್ಬಿಣದವನ ಗುಜರಿ ಅಂಗಡಿ ಹುಡುಕಿಕೊಂಡು ಓಡಿದ. ಸೈಕಲ್ಲನ್ನು ಗ್ಯಾಸಿನಲ್ಲಿ ಕತ್ತರಿಸಿ ಹಿಂದಿನ ದಿನವೇ ಲಾರಿಗೆ ತುಂಬಿದ್ದರು.

ಸಂಜೆ ಶೆಡ್ಡಿಗೆ ಬಂದು ನಡೆದದ್ದೆಲ್ಲ ಹೇಳಿದ. "ನೀವು ಹೇಳಿಕೊಟ್ಟಂಗೇ ಮಾಡಿದೆ ಉಸ್ತಾದ್. ಮುಖದಾಗೆ ಏನೂ ತೋರಿಸ್ಲಿಲ್ಲ."

ಉಸ್ತಾದರು ಚೈನಿಗೆ ಎಣ್ಣೆ ಬಿಡುತ್ತಿದ್ದರು. "ಮುಖ ನನ್ನ ಹತ್ರ ಕಲಿತೆ. ಆ ನಾಲಿಗೆ ಯಾರ ಹತ್ರ ಕಲಿತೆ?"

ಉಸ್ತಾದರು ಎಣ್ಣೆ ಡಬ್ಬಿ ಕೆಳಗಿಟ್ಟು, ಎದುರಿದ್ದ ಸ್ಟೂಲು ತೋರಿಸಿದರು. "ಕೂತ್ಕೋ. ಸೈಕಲ್ಲು ಹೆಂಗಿತ್ತು ಹೇಳು."

"ಪೈಪು ಪೈಪು ಸೇರೋ ಕಡೆ ಹಿತ್ತಾಳೆ ಬೆಸುಗೆ," ಎಂದು ತಿಪ್ಪೇಶ ಶುರು ಮಾಡಿದ. "ಕಣ್ಣು ಮುಚ್ಚಿ ಬೆರಳಾಡಿಸಿದ್ರೆ ಎಲ್ಲಿ ಒಂದು ಮುಗೀತು, ಎಲ್ಲಿ ಇನ್ನೊಂದು ಶುರುವಾತು ಗೊತ್ತಾಗಲ್ಲ. ಯಾರೋ ಒಬ್ಬ ಕೂತು ಕೈಯಾಗೇ ಅರ ಹಾಕಿ ಉಜ್ಜಿದ್ದು. ಗೇರಿನ ಹಿಡಿ ಹ್ಯಾಂಡಲ್ ಮೇಲೆ, ಹೆಬ್ಬೆರಳಿಗೆ ಸರಿಯಾಗಿ. ಎಡಗಡೆ ಹಿಡಿಕೆ ರಬ್ಬರು ಅಜ್ಜನ ಬೆರಳಿನ ಆಕಾರಕ್ಕೇ ಸವೆದಿತ್ತು. ಒಂದು ನಟ್ಟೂ ಬದಲಾಗಿರ್ಲಿಲ್ಲ ಉಸ್ತಾದ್. ಬಣ್ಣ ಹೆಂಗಿತ್ತು ಅಂದ್ರೆ, ನೀರು ಬಿದ್ದ ಬಂಡೆ ಇರ್ತದಲ್ಲ..."

ಇಷ್ಟುದ್ದ ಮಾತು ಅವನು ಯಾರೊಂದಿಗೂ ಆಡಿರಲಿಲ್ಲ.

ಉಸ್ತಾದರು ಕಣ್ಣು ಮುಚ್ಚಿ ಕೇಳಿಸಿಕೊಂಡಿದ್ದರು. ಈಗ ತೆರೆದರು.

"ಇದನ್ನ ಕೇಳಬೇಕಾದೋನು ನಾನಲ್ಲ. ಬೆಳಿಗ್ಗೆ ಬಸ್ಸು ಹತ್ತು."

"ಹೋಗಿ ಏನು ಮಾಡ್ಲಿ? ಸೈಕಲ್ಲೇ ಇಲ್ಲ. ಹೋಗಿದ್ದು ಗುಜರಿ ಅಂದ್ಕೊಂಡು ಅಜ್ಜ ಸಮಾಧಾನವಾಗಿದ್ದಾನೆ. ಎಂಥದ್ದು ಹೋತು ಅಂತ ಗೊತ್ತಾದ್ರೆ ಎದೆ ಒಡ್ಕೊಂತಾನೆ. ನನ್ನ ಮುಖಕ್ಕೆ ಉಗೀತಾನೆ."

"ಉಗೀಲಿ. ತೊಳ್ಕೋ."

"ಉಸ್ತಾದ್, ಬಡವನಿಗೆ ನಷ್ಟದ ಮೇಲೆ ನಷ್ಟ ಮಾಡಿದಂಗಲ್ವಾ?"

ಉಸ್ತಾದರು ಮತ್ತೆ ಎಣ್ಣೆ ಡಬ್ಬಿ ಎತ್ತಿಕೊಂಡರು.

"ಈಗ ಅವನು ಮೂವತ್ತೈದು ವರ್ಷ ಕಳಕೊಂಡು ಕೂತವ್ನೆ. ನೀನು ಹೋಗಿ ಹೇಳಿದ್ರೆ, ಕಳಕೊಂಡಿದ್ದು ಒಂದು ಸೈಕಲ್ಲು ಮಾತ್ರ ಆಗ್ತೈತೆ."